ಏರು, ಇಳುಕಲು ಮತ್ತು ದೊಡ್ಡಪ್ಪನ ಕರೆಂಟು ಗಾಡಿ

ಭೂಮಿ ಗುಂಡಗಿದೆ ಎಂದು ನಿಮಗೆಲ್ಲ ಶಾಲೆಯಲ್ಲಿ ಹೇಳಿಕೊಟ್ಟಿರಬಹುದು. ನಾನೂ ಪಾಂಡವಪುರದ ಹೈಸ್ಕೂಲಿನಲ್ಲಿ ಮಕ್ಕಳಿಗೆ ಅದನ್ನೇ ಹೇಳಿಕೊಟ್ಟು ಸಂಬಳ ತೆಗೆದುಕೊಳ್ಳುತ್ತಿದ್ದೇನೆ. ಆದರೆ ನಮ್ಮ ದೊಡ್ಡಪ್ಪನ ಎದುರಿಗೆ ಈ ಮಾತು ಆಡುವ ಧೈರ್ಯ ನನಗಿಲ್ಲ. ಅವನ ಪ್ರಕಾರ ಭೂಮಿಯಲ್ಲಿರುವುದು ಎರಡೇ. ಒಂದು ಏರು, ಇನ್ನೊಂದು ಇಳುಕಲು. ಸಮತಟ್ಟು ಎಂಬುದು ಪೆಟ್ರೋಲ್ ಗಾಡಿಯವರ ಭ್ರಮೆ!

ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ, ಪಾಂಡವಪುರದಿಂದ ಕೆ.ಆರ್. ಪೇಟೆಯವರೆಗೆ ಯಾವ ರಸ್ತೆ ಎಲ್ಲಿ ತಲೆ ಎತ್ತುತ್ತದೆ, ಎಲ್ಲಿ ತಗ್ಗಿಸುತ್ತದೆ ಎಂಬುದು ಅವನಿಗೆ ಬಾಯಿಪಾಠ. ದಾರಿಹೋಕರು ಯಾರಾದರೂ ಇಂಥ ಊರಿಗೆ ಹೇಗೆ ಹೋಗಬೇಕು ಎಂದು ಕೇಳಿದರೆ ಅವನು ಎಡಕ್ಕೆ, ಬಲಕ್ಕೆ ಎಂದೆಲ್ಲ ಹೇಳುವುದಿಲ್ಲ. "ಒಸಿ ಏರು, ಆಮೇಕೆ ಇಳುಕ್ಲು, ಆಮೇಕೆ ದೇವ್ರವ್ನೆ" ಅನ್ನುತ್ತಾನೆ. ಕೇಳಿದವರು ಊರು ಸೇರಿದರೋ ದೇವರನ್ನೇ ಸೇರಿದರೋ, ನನಗೆ ಗೊತ್ತಿಲ್ಲ.

ದೊಡ್ಡಪ್ಪ ಹುಟ್ಟಿನಿಂದ ಹೀಗಿರಲಿಲ್ಲ. ಕಸುಬಿನಲ್ಲಿ ಬಡಗಿ. ಬಾಗಿಲು, ಕಿಟಕಿ, ಮಂಚ ಮಾಡಿಕೊಂಡು ಒಂದು ಹಳೇ ಮೊಪೆಡ್ಡಿನಲ್ಲಿ ಸುತ್ತಾಡಿಕೊಂಡು ಎಲ್ಲರ ಹಾಗೆಯೇ ಇದ್ದ. ಅರವತ್ತು ದಾಟಿದ ಮೇಲೆ ಆ ಮೊಪೆಡ್ಡು ಕೈಕೊಟ್ಟಿತು ನೋಡಿ, ಮೈಸೂರಿಗೆ ಹೋಗಿ ಕರೆಂಟು ಸ್ಕೂಟರು ತರುತ್ತೇನೆಂದು ಹೊರಟ. ನಾನೂ ಜೊತೆಗೆ ಹೋದೆ. ಷೋರೂಮಿನ ಸೇಲ್ಸ್‌ಮನ್ನು ಟೈ ಕಟ್ಟಿಕೊಂಡು, ಇಂಗ್ಲಿಷ್ ಬೆರೆಸಿಕೊಂಡು ವರ್ಣಿಸತೊಡಗಿದ. ದೊಡ್ಡಪ್ಪ ಗಾಡಿಯ ಮೈಯನ್ನು ಬೆರಳಿನಿಂದ ಕುಟ್ಟಿ ನೋಡಿದ, ಹಲಸಿನ ಹಲಗೆಯೋ ಬೇವಿನದೋ ಎನ್ನುವ ಹಾಗೆ. ಆಮೇಲೆ ಕೇಳಿದ:

"ಒಂದ್ಸಲ ಚಾರ್ಜ್ ಮಾಡುದ್ರೆ ಎಷ್ಟು ದೂರ ಓಯ್ತದಪ್ಪ?"

"ನೂರಿಪ್ಪತ್ತು ಕಿಲೋಮೀಟರ್ ಸಾರ್!"

"ಏರಲ್ಲೋ, ಇಳುಕ್ಲಲ್ಲೋ?"

ಸೇಲ್ಸ್‌ಮನ್ನು ತಡವರಿಸಿದ. "ಅದು... ಟೆಸ್ಟ್ ಕಂಡೀಷನ್‌ನಲ್ಲಿ ಸಾರ್."

"ಅದ್ಯಾವ ತಾಲ್ಲೂಕಿಗೆ ಬತ್ತದೆ?"

ಪಾಪ, ಆ ಮನುಷ್ಯ ಇವತ್ತಿಗೂ ಆ ತಾಲ್ಲೂಕನ್ನು ಹುಡುಕುತ್ತಿರಬೇಕು. ಗಾಡಿ ಮನೆಗೆ ಬಂದ ಮೇಲೆ ದೊಡ್ಡಪ್ಪನೇ ಹಗಲೆಲ್ಲ ಓಡಿಸಿ, ಅಳೆದು, ಒಂದು ತೀರ್ಮಾನಕ್ಕೆ ಬಂದ. "ನೂರಿಪ್ಪತ್ತು ಅಂದ್ರೆ ಎಂಬತ್ತೈದು ಕಣ್ ಮಗ. ಕಂಪ್ನಿಯೋರ ಮಾತ್ನೂ ಮದ್ವೆ ದಲ್ಲಾಳಿ ಮಾತ್ನೂ ಹತ್ತತ್ರ ಮೂರ್ನೇ ಒಂದ್ ಪಾಲು ಕಳ್ದು ನಂಬ್ಬೇಕು."

ಅಲ್ಲಿಂದ ಶುರುವಾಯಿತು ಆ ಎಂಬತ್ತೈದನ್ನು ಉಳಿಸುವ ವ್ರತ. ಭಾರ ಹೆಚ್ಚಾದರೆ ಚಾರ್ಜು ಬೇಗ ಇಳಿಯುತ್ತದೆಯಂತೆ. ಮೊದಲು ಗಾಡಿಯ ಸೀರೆ ಗಾರ್ಡು ಬಿಚ್ಚಿದ. ಆಮೇಲೆ ಕಾಲಡಿಯ ರಬ್ಬರು. ಆಮೇಲೆ, ಮುಂದಿನ ಡಿಕ್ಕಿಯಲ್ಲಿ ದೊಡ್ಡಮ್ಮ ಇಟ್ಟಿದ್ದ ದೇವರ ಪಟ. "ದೇವ್ರು ಎಲ್ಲಾ ಕಡೆ ಅವ್ನಲ್ಲ, ಗಾಡಿ ಮ್ಯಾಲೆ ಯಾಕೆ ಕೂರ್ಬೇಕು?" ಕೊನೆಗೆ ಪಾಳಿ ದೊಡ್ಡಮ್ಮನದೇ ಬಂತು! ದೊಡ್ಡಮ್ಮ ಸ್ವಲ್ಪ ತುಂಬಿದ ಮೈಯವಳು. ಶ್ರೀರಂಗಪಟ್ಟಣದಲ್ಲಿ ಒಂದು ನಾಮಕರಣಕ್ಕೆ ಇಬ್ಬರೂ ಹೊರಟು ನಿಂತಾಗ ದೊಡ್ಡಪ್ಪ ಗಂಟಲು ಸರಿಮಾಡಿಕೊಂಡು, "ನೀನು ಬಸ್ಸಲ್ಲಿ ಬಂದ್ಬುಡು" ಅಂದ.

"ಯಾಕೆ, ಗಾಡಿಗೇನಾಗದೆ?"

"ಗಾಡಿಗೇನೂ ಆಗಿಲ್ಲ. ಆಗ್ಬಾರ್ದು ಅಂತ."

"ತಾಳಿ ಕಟ್ಟಾವಾಗ ನನ್ ತೂಕ ನೋಡ್ನಿಲ್ವಾ?"

"ಆವಾಗ ಎತ್ತಿನ ಗಾಡಿ ಇತ್ತು ಕಣೆ!"

ದೊಡ್ಡಮ್ಮ ಬಸ್ಸಿನಲ್ಲಿ ಹೋದಳು. ದೊಡ್ಡಪ್ಪನಿಗಿಂತ ಮೊದಲೇ ತಲುಪಿ, ಉಂಡು, ಎಲೆ ಅಡಿಕೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಆಮೇಲಿಂದ ಆ ಗಾಡಿಯ ಹಿಂದಿನ ಸೀಟಿಗೆ ಖಾಯಂ ಆಗಿ ನೇಮಕಗೊಂಡವಳು ನಾನು. ಅರ್ಹತೆ ಏನು ಗೊತ್ತೇ? ನಮ್ಮ ವಂಶದಲ್ಲಿ ಐವತ್ತು ಕೆ.ಜಿ. ದಾಟದ ಏಕೈಕ ಪ್ರಾಣಿ ನಾನು. ಊರಲ್ಲಿ ಎಲ್ಲರೂ "ಏನವ್ವ, ಇಷ್ಟೊಂದು ಸೊರಗಿದ್ದೀಯ" ಎಂದು ಮರುಗುತ್ತಿದ್ದ ಈ ಮೈಯನ್ನು ಜೀವನದಲ್ಲಿ ಮೊದಲ ಬಾರಿಗೆ ಒಬ್ಬರು ಮನಸಾರೆ ಮೆಚ್ಚಿಕೊಂಡಿದ್ದರು. ನಾನು ಬೇಡ ಅನ್ನಲು ಸಾಧ್ಯವೇ?

ಆದರೆ ಹಿಂದೆ ಕೂತವರಿಗೂ ಕಟ್ಟುಪಾಡುಗಳಿದ್ದವು. ಏರಿನಲ್ಲಿ ಮಾತಾಡಬಾರದು. ಇಳುಕಲಿನಲ್ಲಿ ಮಾತಾಡಬಹುದು. ಊಟಕ್ಕೂ ಇದೇ ಲೆಕ್ಕ. ಕೆ.ಆರ್. ಪೇಟೆಯಲ್ಲಿ ಒಂದು ಗೃಹಪ್ರವೇಶವಿತ್ತು. ಹೋಗುವ ದಾರಿ ಒಟ್ಟಾರೆ ಏರು ಎಂದು ಬೆಳಿಗ್ಗೆ ನನಗೆ ತಿಂಡಿ ತಿನ್ನಲು ಬಿಡಲಿಲ್ಲ. ಕಣ್ಣು ಕತ್ತಲೆ ಬರುವಷ್ಟು ಹಸಿದು ಪಂಕ್ತಿಯಲ್ಲಿ ಕೂತೆ. ಹೋಳಿಗೆ ಬಂತು. ನಾನು ಸಂಕೋಚದಿಂದ ಒಂದು ಸಾಕು ಎಂದು ಕೈ ಅಡ್ಡ ಹಿಡಿದೆ. ಪಕ್ಕದ ಎಲೆಯಿಂದ ದೊಡ್ಡಪ್ಪನ ಗರ್ಜನೆ ಕೇಳಿಸಿತು: "ಆಕ್ಸ್ಕೊ ಮಗ, ಆಕ್ಸ್ಕೊ! ವಾಪಸ್ ಓಗಾದು ಇಳುಕ್ಲು!" ಬಡಿಸುವವರು ಏನು ತಿಳಿದುಕೊಂಡರೋ ಏನೋ, ಆಮೇಲೆ ನನ್ನ ಎಲೆಯ ಹತ್ತಿರ ಬಂದಾಗಲೆಲ್ಲ ಅನುಕಂಪದಿಂದ ಎರಡೆರಡು ಹಾಕಿದರು.

ಇನ್ನು ಹಾರ್ನಿನ ಕಥೆ ಕೇಳಿ. ಈ ಗಾಡಿಗಳಿಗೆ ಸದ್ದಿಲ್ಲ, ಬೆಕ್ಕಿನ ಹಾಗೆ ಬಂದುಬಿಡುತ್ತವೆ. ಅದಕ್ಕೇ ಹಾರ್ನು ಮುಖ್ಯ. ಆದರೆ ಹಾರ್ನು ಚಾರ್ಜು ತಿನ್ನುತ್ತದೆ ಎಂಬುದು ದೊಡ್ಡಪ್ಪನ ಶೋಧನೆ! ಹೀಗಾಗಿ ಪಾಂಡವಪುರದ ಸಂತೆ ಬೀದಿಯಲ್ಲಿ ಅವನು ಬಾಯಲ್ಲೇ ಹಾರ್ನು ಹೊಡೆಯುತ್ತಾ ಬರುತ್ತಾನೆ. "ಅವ್ವಾ, ಸೈಡು! ಯಜಮಾನ್ರೇ, ಸೈಡು! ಲೇ ಕರ, ನಿಂಗೂ ಯೋಳ್ಬೇಕಾ!" ಒಂದು ದಿನ ಪೊಲೀಸಿನವರು ಹಿಡಿದು ನಿಲ್ಲಿಸಿದರು.

"ಏನ್ರೀ ಯಜಮಾನ್ರೇ, ಹಾರ್ನ್ ಇಲ್ವಾ ಗಾಡಿಗೆ?"

"ಅದೆ ಸಾರ್."

"ಮತ್ತೆ ಬಾಯ್ ಯಾಕ್ ಬಡ್ಕೋತೀರಿ?"

"ಬಾಯ್ಗೆ ಚಾರ್ಜ್ ಬೇಕಾಗಾಕಿಲ್ಲ ಸಾರ್!"

ಈ ಸುದ್ದಿ ಮನೆಗೆ ಮುಟ್ಟಿದಾಗ ದೊಡ್ಡಮ್ಮ ಮೊರದಲ್ಲಿದ್ದ ಅಕ್ಕಿಯಿಂದ ತಲೆ ಎತ್ತದೆ ಅಂದಳು: "ನಲವತ್ತು ವರ್ಷದಲ್ಲಿ ಅದೊಂದ್ ಮಾತು ನಿಜ ಆಡವ್ನೆ."

ಪೆಟ್ರೋಲ್ ಬಂಕು ಎದುರಾದರೆ ದೊಡ್ಡಪ್ಪ ಶನಿದೇವರ ಗುಡಿ ಕಂಡವನಂತೆ ಒಂದು ಕೈಯೆತ್ತಿ ನಮಸ್ಕರಿಸುತ್ತಾನೆ. "ನಿನ್ನ ಕಾಟ ತಪ್ತು ಕಣಪ್ಪ, ಇನ್ನು ನಮ್ ತಂಟೆಗೆ ಬರ್ಬ್ಯಾಡ." ಮುಂದೆ ಎಲ್ಲ ಕಾರು, ಎಲ್ಲ ಬೈಕು, ಕಬ್ಬಿನ ಟ್ರಾಕ್ಟರು ಕೂಡ ಕರೆಂಟಿನಲ್ಲೇ ಓಡುವುದು ಎಂದು ಸಿಕ್ಕವರಿಗೆಲ್ಲ ಭಾಷಣ. ಅವನನ್ನು ಎದುರಿಸಿ ನಿಲ್ಲುವ ಮನುಷ್ಯ ನಾಲ್ಕು ತಾಲ್ಲೂಕಿನಲ್ಲಿ ಒಬ್ಬನೇ. ಕ್ಯಾತನಹಳ್ಳಿಯಲ್ಲಿ ಕಬ್ಬಿನ ಗದ್ದೆಯಿರುವ ಅವನ ಬಾಲ್ಯದ ಗೆಳೆಯ, ಒಬ್ಬ ಗೌಡ. ಆ ಗೌಡರ ಆಲೆಮನೆಗೆ ಒಂದು ಬಾಗಿಲು ಕೂರಿಸಲು ಹೋದಾಗ ದೊಡ್ಡಪ್ಪ ಗಾಡಿಯನ್ನೂ ಚಾರ್ಜಿಗೆ ಹಾಕಿದ. ಬಾಗಿಲು ಕೂತಿತು. ಬೆಲ್ಲ ಕುದಿದು, ಪಾಕವಾಗಿ, ಅಚ್ಚಿಗೆ ಬಿದ್ದು, ಗಟ್ಟಿಯಾಯಿತು. ಕಬ್ಬಿನ ಹಾಲು ಕುಡಿದು ಕುಡಿದು ನನ್ನ ಹೊಟ್ಟೆ ನಗಾರಿಯಾಯಿತು. ಗಾಡಿ ಮಾತ್ರ ಇನ್ನೂ ಕರೆಂಟು ಹೀರುತ್ತಲೇ ಇತ್ತು. ಗೌಡರು ಬೀಡಿ ಹಚ್ಚಿ ಅಂದರು:

"ಲೇ ಆಚಾರಿ, ನನ್ ಎತ್ಗಳು ಹುಲ್ ತಿಂದು, ನೀರ್ ಕುಡ್ದು, ಎದ್ದೋದ್ವು. ನಿನ್ ಬಸವ ಇನ್ನೂ ಮೆಲುಕು ಆಕ್ತಾವ್ನಲ್ಲೋ!"

"ನಗು, ನಗು. ಮುಂದೆಲ್ಲಾ ಇದೇ ಕಣ್ಲಾ."

"ಮುಂದಿಂದು ಇರ್ಲಿ ಬುಡು. ಇವತ್ತು ಮನೆಗ್ ಓಯ್ತೀಯಾ, ಅದ್ಯೋಳು!"

ಅಷ್ಟು ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು! ಗೌಡರು ನಕ್ಕ ನಗುವಿಗೆ ಆಲೆಮನೆಯ ಹೊಗೆಯೇ ಒಂದು ಕ್ಷಣ ಅತ್ತ ಸರಿದಿರಬೇಕು. ಆದರೂ ದೊಡ್ಡಪ್ಪ ಸೋಲಲಿಲ್ಲ. ಮೀಟರು ನೋಡಿದ, ಆಕಾಶ ನೋಡಿದ, ಗೌಡರು ಕೊಟ್ಟ ಬೆಲ್ಲ ಹಿಡಿದು ನಿಂತಿದ್ದ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಆ ಬೆಲ್ಲದ ಪಿಂಡಿ ಇಲ್ಲೇ ಬುಟ್ಬುಡು ಮಗ" ಅಂದ. ಹಾಗೆಯೇ ಬಿಟ್ಟು ಬಂದೆವು. ಮನೆ ಮುಟ್ಟಿದಾಗ ಚಾರ್ಜು ತಳ ಕಂಡಿತ್ತು, ಆದರೆ ಗಾಡಿ ಓಡುತ್ತಲೇ ಇತ್ತು. ಅವನ ಹೆಮ್ಮೆ ಅದು. ಇಷ್ಟು ದಿನ ಓಡಿಸಿದರೂ ದಾರಿಯಲ್ಲಿ ಚಾರ್ಜು ಮುಗಿದು ನಿಂತವನಲ್ಲ, ತಳ್ಳಿಕೊಂಡು ಬಂದವನಲ್ಲ. "ತಳ್ಳಾ ಪರಿಸ್ಥಿತಿ ಬಂದ್ರೆ ಅವತ್ತೇ ಮಾರ್ಬುಡ್ತೀನಿ" ಎಂದು ನಾಲ್ಕು ಜನರ ಮುಂದೆ ಎದೆ ತಟ್ಟಿ ಹೇಳುತ್ತಿದ್ದ.

ಇಷ್ಟೆಲ್ಲ ಹೇಳಿದವಳು ಅತ್ತೆಯ ವಿಷಯ ಹೇಳಲೇ ಇಲ್ಲ, ಅಲ್ಲವೇ? ಹೇಳಲು ಸ್ವಲ್ಪ ಕಷ್ಟ. ಅತ್ತೆ ಅಂದರೆ ದೊಡ್ಡಪ್ಪನ ಒಬ್ಬಳೇ ತಂಗಿ. ನಾಗಮಂಗಲದಲ್ಲಿದ್ದಾಳೆ. ಮಾವನಿಗೆ ಅಲ್ಲಿ ಚಿನ್ನ ಬೆಳ್ಳಿ ಕೆಲಸದ ಸಣ್ಣ ಅಂಗಡಿ. ಆ ಮನೆಯ ಮಗಳ ಮದುವೆಯಲ್ಲಿ ಹುಡುಗಿಯನ್ನು ಮಂಟಪಕ್ಕೆ ಕರೆತರಬೇಕಾದವನು, ನಮ್ಮಪ್ಪ ತೀರಿಕೊಂಡ ಮೇಲೆ ಉಳಿದ ಒಬ್ಬನೇ ಸೋದರಮಾವನಾದ ದೊಡ್ಡಪ್ಪ. ಅವನೋ, ಸೋದರಸೊಸೆಗೆ ತಾನೇ ಹಸೆಮಣೆ ಮಾಡಿ ತರುತ್ತೇನೆಂದು ಕೂತವನು, ಇನ್ನೂ ನುಣುಪಾಗಲಿ, ಇನ್ನೊಂದು ಎಳೆ ಹೂವು ಬರಲಿ ಎಂದು ಉಜ್ಜುತ್ತ ಕೆತ್ತುತ್ತ ಹೊತ್ತು ಮರೆತ. ಮಣೆ ಹೊತ್ತುಕೊಂಡು ಛತ್ರಕ್ಕೆ ಓಡಿ ಬರುವಷ್ಟರಲ್ಲಿ ಮುಹೂರ್ತ ಮೀರುತ್ತದೆಂದು ಹುಡುಗಿಯನ್ನು ದೂರದ ಸಂಬಂಧಿಕರೊಬ್ಬರು ಕರೆತಂದು ಕೂರಿಸಿದ್ದರು. ಅತ್ತೆ ಎಲ್ಲರ ಎದುರಿಗೆ ಅಂದುಬಿಟ್ಟಳು: "ಮಣೆ ಯಾರಿಗ್ ಬೇಕಿತ್ತು? ನನ್ ಮಗೀಗೆ ಮಾವ ಬೇಕಿತ್ತು."

ದೊಡ್ಡಪ್ಪ ಮಣೆಯನ್ನು ಅಲ್ಲೇ ಕಂಬಕ್ಕೆ ಒರಗಿಸಿ, ಊಟ ಮಾಡದೆ ತಿರುಗಿ ಬಂದ. ಆ ಹುಡುಗಿಗೆ ಈಗ ಶಾಲೆಗೆ ಹೋಗುವ ಮಗಳಿದ್ದಾಳೆ. ಅಂದಿನಿಂದ ಅಣ್ಣ ತಂಗಿ ಮಾತಾಡಿರಲಿಲ್ಲ. ನಾವೆಲ್ಲ ಹೋಗಿ ಬರುತ್ತಿದ್ದೆವು. ಅವನಿಗೂ ನಾಗಮಂಗಲದಲ್ಲಿ ಕೆಲಸ ಬೀಳುತ್ತಿತ್ತು. ಹಾರ್ನು ಹೊಡೆದರೆ ಚಾರ್ಜು ಹೋಯಿತು ಎನ್ನುವ ಮನುಷ್ಯ, ಆ ಒಂದು ಬೀದಿ ತಪ್ಪಿಸಲು ಊರನ್ನೆಲ್ಲ ಸುತ್ತಿಕೊಂಡು ಹೋಗುತ್ತಿದ್ದ.

ಮೊನ್ನೆ ಒಂದು ದಿನ ದೊಡ್ಡಮ್ಮ ಯಾರಿಗೋ ಹೇಳುವಂತೆ ಗಟ್ಟಿಯಾಗಿ ಹೇಳಿದಳು: "ನಾಗಮಂಗ್ಲದೋಳು ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮುರ್ಕಂಡವ್ಳಂತೆ. ಪಟ್ಟು ಆಕವ್ರಂತೆ." ದೊಡ್ಡಪ್ಪ ಕಿಟಕಿಯ ಚೌಕಟ್ಟಿಗೆ ಮೊಳೆ ಹೊಡೆಯುತ್ತಿದ್ದ. ತಲೆ ಎತ್ತಲಿಲ್ಲ. ಮೊಳೆ ಪೂರ್ತಿ ಒಳಗೆ ಹೋದ ಮೇಲೂ ಸುಮ್ಮನೆ ಹೊಡೆಯುತ್ತಲೇ ಇದ್ದ.

ಭಾನುವಾರ ಬೆಳಿಗ್ಗೆ ನಮ್ಮ ಮನೆ ಮುಂದೆ ಗಾಡಿ ನಿಂತಿತು. "ನಾಗಮಂಗ್ಲದಲ್ಲಿ ಒಂದ್ ಬಾಗ್ಲು ಉಬ್ಕಂಡು ಕೂತದಂತೆ. ಸವ್ರಿ ಬರ್ಬೇಕು. ಬತ್ತೀಯಾ ಮಗ?"

ಹತ್ತಿ ಕೂತ ಮೇಲೆ ಗಮನಿಸಿದೆ. "ದೊಡ್ಡಪ್ಪ, ಉಳಿ ಸುತ್ತಿಗೆ ಚೀಲ ಎಲ್ಲಿ?"

"ತೂಕ ಆಯ್ತದೆ" ಅಂದ.

ಜಕ್ಕನಹಳ್ಳಿಯ ಏರಿನಲ್ಲಿ ಅವನು ಮಾತಾಡಲಿಲ್ಲ, ಅದು ಸರಿ. ಆಮೇಲೆ ಇಳುಕಲು ಬಂತು. ಆಗಲೂ ಮಾತಾಡಲಿಲ್ಲ. ನಾಗಮಂಗಲದ ಪೇಟೆ ದಾಟಿ, ಯಾವತ್ತೂ ಬಲಕ್ಕೆ ತಿರುಗುವವನು ಎಡಕ್ಕೆ ತಿರುಗಿದ. ಅತ್ತೆಯ ಬೀದಿ! ಬೀದಿಯ ಬಾಯಲ್ಲೇ ಗಾಡಿ ನಿಲ್ಲಿಸಿ ಇಳಿದ.

"ಚಾರ್ಜ್ ಮುಗ್ದೋಯ್ತು ಕಣ್ ಮಗ."

ನಾನು ಅವನ ಹೆಗಲ ಮೇಲಿಂದ ಬಗ್ಗಿ ನೋಡಿದೆ. "ಇಲ್ಲ ದೊಡ್ಡಪ್ಪ, ಇನ್ನೂ ನಲವತ್ತಾರು ಪರ್ಸೆಂಟ್ ತೋರಿಸ್ತಾ ಇದೆಯಲ್ಲ."

"ಅದು ಸುಳ್ ಯೋಳ್ತದೆ" ಎಂದು ಹೆಗಲ ಮೇಲಿನ ಟವೆಲ್ಲು ತೆಗೆದು ಮೀಟರಿನ ಮೇಲೆ ಹೊದಿಸಿಬಿಟ್ಟ!

ಆಮೇಲೆ ನಮ್ಮ ದೊಡ್ಡಪ್ಪ, ಜೀವವಿರುವ ಗಾಡಿಯನ್ನು ತಳ್ಳಿಕೊಂಡು ಹೊರಟ. ಸುಮ್ಮನೆ ತಳ್ಳಲಿಲ್ಲ, ಏದುಸಿರು ಬಿಡುತ್ತಾ, ಬೀದಿಯೆಲ್ಲ ನೋಡುವ ಹಾಗೆ ತಳ್ಳಿದ. ಜಗಲಿಯ ಮೇಲೆ ಕೂತಿದ್ದ ಯಾರೋ ಗುರುತು ಹಿಡಿದು, "ಏನಾಚಾರ್ರೇ, ಕರೆಂಟ್ ಗಾಡಿ ಕೈ ಕೊಡ್ತಾ?" ಎಂದು ಹಲ್ಲು ಕಿರಿದರು. ದೊಡ್ಡಪ್ಪ ತಲೆ ತಗ್ಗಿಸಿ ಅಂದ: "ಕೈ ಕೊಡ್ತು ಕಣಪ್ಪ. ನಂಬಂಗಿಲ್ಲ ಇವ್ನ."

ಸದ್ದಿಗೆ ಅತ್ತೆ ಬಾಗಿಲಿಗೆ ಬಂದಳು. ಬಲಗೈ ಕೊರಳಿಗೆ ಜೋತುಬಿದ್ದಿತ್ತು. ಕೂದಲು ಒಂಟಿ ಕೈಯಲ್ಲಿ ಹೇಗೋ ಸುತ್ತಿಕೊಂಡಿದ್ದಳು. ದೊಡ್ಡಪ್ಪ ಅವಳನ್ನು ನೋಡಲಿಲ್ಲ. ಬಾಗಿಲ ಚೌಕಟ್ಟನ್ನು ನೋಡುತ್ತಾ ನಿಂತ.

"ಒಸಿ ಕರೆಂಟ್ ಬೇಕಾಗಿತ್ತು."

"ಕರೆಂಟಿಗ್ ಬಂದ್ಯಾ?"

"ಊಂ. ಕರೆಂಟಿಗೆ."

ಅತ್ತೆ ಗಾಡಿಯನ್ನು ನೋಡಿದಳು, ಟವೆಲ್ಲು ನೋಡಿದಳು, ನನ್ನನ್ನು ನೋಡಿದಳು. ನಾನು ಆಕಾಶ ನೋಡಿದೆ. "ಒಳೀಕ್ ಬಾ. ಕರೆಂಟು ಒಳಗದೆ" ಅಂದಳು.

ಕಿಟಕಿಯಿಂದ ವೈರು ಎಳೆದು ಹಜಾರದ ಪ್ಲಗ್ಗಿಗೆ ಸಿಕ್ಕಿಸಿದ್ದಾಯಿತು.

"ಎಷ್ಟೊತ್ ಬೇಕು?"

"ಒಂದ್ ಗಂಟೆ."

"ಅಷ್ಟೇನಾ?"

ದೊಡ್ಡಪ್ಪ ಸರಿಯಾಗಿದ್ದ ವೈರನ್ನೇ ಮತ್ತೊಮ್ಮೆ ಸರಿಮಾಡಿದ. "ವಾಪಸ್ ಓಗಾದು ಏರು ನೋಡು. ಎರಡಾದ್ರೂ ಬೇಕು."

ನಾಗಮಂಗಲದಿಂದ ಪಾಂಡವಪುರಕ್ಕೆ ಏರು! ಒಟ್ಟಾರೆ ಇಳುಕಲಿನ ದಾರಿಯದು. ನಾಲ್ಕು ತಾಲ್ಲೂಕಿನ ಉಬ್ಬುತಗ್ಗುಗಳ ಪಂಡಿತನ ಬಾಯಲ್ಲಿ ಈ ಮಾತು! ನನಗೆ ನಗು ಬರಬೇಕಿತ್ತು. ಬರಲಿಲ್ಲ.

ಮಾವ ಅಂಗಡಿಗೆ ಹೋಗಿದ್ದ. ಮೂರು ದಿನದಿಂದ ಹೋಟೆಲಿನಿಂದ ತಂದ ಅನ್ನವೇ ಗತಿ, ಬಾಯಿ ಸತ್ತು ಹೋಗಿದೆ ಎಂದು ಅತ್ತೆ ನನಗೆ ಹೇಳಿದಳು. ನನಗೆ ಹೇಳಿದ್ದು, ಆದರೆ ಎದ್ದು ಅಡುಗೆಮನೆಗೆ ಹೋದವನು ದೊಡ್ಡಪ್ಪ. ರಾಗಿಹಿಟ್ಟು ಎಲ್ಲಿದೆ ಎಂದು ಕೇಳಲಿಲ್ಲ, ತಾನೇ ಹುಡುಕಿದ. ಎಸರು ಕುದಿಯಿತು, ಹಿಟ್ಟು ಬಿತ್ತು. ಆಮೇಲೆ ಬಾಗಿಲಲ್ಲಿ ನಿಂತಿದ್ದ ಅತ್ತೆಗೆ ತಡೆಯಲಾಗಲಿಲ್ಲ.

"ಅಂಗಲ್ಲ ತಿರ್ಗ್ಸಾದು. ಗಂಟ್ ಆಯ್ತದೆ."

"ಮರದಲ್ಲೂ ಗಂಟು ಇರ್ತದೆ, ಹಿಟ್ಟಲ್ಲೂ ಇರ್ತದೆ. ನೋಡ್ಕಂಡ್ ತಿನ್ನು."

"ಅವ್ವ ಮಾಡ್ತಿದ್ದಿದ್ದು ಹಿಂಗಾ?"

"ಅವ್ವ ಮಾಡ್ವಾಗ ನೀನು ಇಂಗ್ ಬಾಗ್ಲಲ್ ನಿಂತು ಜೀವ ತಿಂತಿರ್ನಿಲ್ಲ."

"ನಾನ್ ತಿಂತಿದ್ನಾ? ನೀನೇ ಕಣಣ್ಣ, ಒಲೆ ಮುಂದೆ ಕೂತು ಸುಟ್ಟ ಮುದ್ದೆ ಚೂರಿಗೆ ಜಗಳ ಆಡ್ತಿದ್ದೋನು!"

ಕಣಣ್ಣ! ಆ ಪದ ಬಿದ್ದದ್ದೇ ತಡ, ಮುದ್ದೆ ಕೋಲು ಒಂದು ಕ್ಷಣ ನಿಂತಿತು. ಮತ್ತೆ ಜೋರಾಗಿ ತಿರುಗತೊಡಗಿತು. ಆಮೇಲೆ ಅವರ ಜಗಳ ಏರಿತು, ಇಳಿಯಿತು, ಉಪ್ಪಿಗೆ ಬಂತು, ಸಾರಿಗೆ ಹೋಯಿತು, ಸತ್ತ ಅಜ್ಜಿಯ ಕೈರುಚಿಯನ್ನು ಸುತ್ತಿಕೊಂಡು ಬಂತು. ಮದುವೆಯ ಮಾತು ಮಾತ್ರ ಇಬ್ಬರೂ ಎತ್ತಲಿಲ್ಲ. ಎತ್ತುವ ಅಗತ್ಯವೂ ಕಾಣಲಿಲ್ಲ. ಊಟವಾಯಿತು. ಅತ್ತೆಗೆ ಎಡಗೈಯಲ್ಲಿ ಮುದ್ದೆ ಮುರಿಯಲು ಬರುತ್ತಿರಲಿಲ್ಲ. ದೊಡ್ಡಪ್ಪ ಅವಳ ತಟ್ಟೆ ಎಳೆದುಕೊಂಡು ಬೈಯುತ್ತಲೇ ಸಣ್ಣ ಸಣ್ಣ ತುತ್ತು ಮಾಡಿ, ಸಾರಿನಲ್ಲಿ ಹೊರಳಿಸಿ ಇಟ್ಟ.

ಹೊತ್ತು ಸಾಕಷ್ಟು ಆಗಿತ್ತು. "ತುಂಬಿರ್ತದೆ. ನೋಡ್ಬಾ ಮಗ" ಅಂದ ದೊಡ್ಡಪ್ಪ, ನನ್ನ ಕಡೆ ನೋಡದೆ.

ಹಜಾರಕ್ಕೆ ಬಂದೆ. ಚಾರ್ಜರಿನ ದೀಪ ಉರಿಯುತ್ತಿರಲಿಲ್ಲ. ಕರೆಂಟು ಹೋಗಿದೆಯೇ ಎಂದು ಮೇಲೆ ನೋಡಿದೆ. ಫ್ಯಾನು ಗಿರಗಿರನೆ ತಿರುಗುತ್ತಿತ್ತು. ಗೋಡೆ ನೋಡಿದೆ. ಪ್ಲಗ್ಗು ಇತ್ತು, ವೈರು ಇತ್ತು, ಸ್ವಿಚ್ಚು ಮಾತ್ರ ಆಫ್ ಆಗಿತ್ತು. ಸಿಕ್ಕಿಸುವಾಗ ದೊಡ್ಡಪ್ಪ ಅದನ್ನು ಹಾಕಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೆ.

ಹಾಕೋಣವೆಂದು ಕೈ ಚಾಚಿದೆ. ಹಿಂದಿನಿಂದ ಒಂದು ಎಡಗೈ ಬಂದು ನನ್ನ ಮಣಿಕಟ್ಟು ಹಿಡಿಯಿತು. ಅತ್ತೆ. ಕಣ್ಣು ತುಂಬಿತ್ತು, ತುಟಿಯಲ್ಲಿ ಕಳ್ಳನಗು.

"ಇರ್ಲಿ ಬುಡವ್ವ" ಎಂದು ಪಿಸುಗುಟ್ಟಿದಳು. "ಒಂದೀಟು ನಿಧಾನ್ಕೆ ತುಂಬ್ಲಿ."

ನಾನು ಅಡುಗೆಮನೆಗೆ ವಾಪಸು ಬಂದು, ಮಕ್ಕಳಿಗೆ ಪಾಠ ಹೇಳುವಷ್ಟೇ ಗಂಭೀರವಾಗಿ ಹೇಳಿದೆ: "ಇಲ್ಲ ದೊಡ್ಡಪ್ಪ, ಇನ್ನೂ ತುಂಬಾ ಹೊತ್ತು ಬೇಕಾಗುತ್ತೆ."

ದೊಡ್ಡಪ್ಪ ಎದ್ದು ಹೋಗಿ ಮೀಟರು ನೋಡಲಿಲ್ಲ. ಪ್ಲಗ್ಗು ನೋಡಲಿಲ್ಲ. ಏಕೆ ಎಂದು ಒಂದು ಮಾತು ಕೇಳಲಿಲ್ಲ.

"ನಾನ್ ಅಂದ್ಕಂಡೆ" ಅಂದ. "ಈ ಊರಲ್ಲಿ ವೋಲ್ಟೇಜು ಕಮ್ಮಿ."

ಅಂದವನು ಅಂಗಿ ಬಿಚ್ಚಿ ಗೋಡೆಯ ಗೂಟಕ್ಕೆ ನೇತುಹಾಕಿ, ತಂಗಿ ಹಾಸಿದ ಚಾಪೆಯ ಮೇಲೆ ಕಾಲು ಚಾಚಿ ಕೂತ.